"ನಮ್ಮ ಜನ ನನಗೆ ಗೊತ್ತು" ಅನ್ನುವ ಕೌನ್ಸೆಲರ್

ನಮ್ಮ ವೃತ್ತಿಯಲ್ಲಿ ನನಗೆ ಅತಿ ಅನುಮಾನ ಇರುವ ಮಾತು "ನಮ್ಮ ಕಡಿ ಮಂದಿ ಹಿಂಗೇ ರೀ" ಅನ್ನೋದು. ಹೊರಗಿನವರು ಹೇಳಿದರೆ ನಮಗೆ ಸಿಟ್ಟು ಬರುತ್ತದೆ. ಬೆಂಗಳೂರಿನಿಂದ ಯಾರೋ ತರಬೇತಿ ಕೊಡಲು ಬರುತ್ತಾರೆ. ಪರದೆ ಮೇಲೆ ಸ್ಲೈಡ್ ಹಾಕುತ್ತಾರೆ. "ಈ ಭಾಗದ ಜನ ಮನಸ್ಸಿನ ನೋವನ್ನು ಮೈನೋವು ಅಂತ ಹೇಳ್ತಾರೆ, ಮೂಢನಂಬಿಕೆ ಜಾಸ್ತಿ" ಅನ್ನುತ್ತಾರೆ. ಹಿಂದಿನ ಸಾಲಿನಲ್ಲಿ ಕೂತ ಕಲಬುರಗಿ, ಬೀದರ್, ಯಾದಗಿರಿಯ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತೇವೆ. ಚಹಾಕ್ಕೆ ಹೊರಗೆ ಬಂದಾಗ ಬೈದುಕೊಳ್ಳುತ್ತೇವೆ. ಆದರೆ ಅದೇ ಮಾತನ್ನು ನಾವೇ ಹೇಳಿದರೆ ಅದಕ್ಕೆ ಅನುಭವ ಅಂತ ಹೆಸರು!

ನಾನು ಕಲಬುರಗಿಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್. ಹುಟ್ಟಿದ್ದು ಸೇಡಂ ಕಡೆ ಹಳ್ಳಿಯಲ್ಲಿ, ಓದಿದ್ದು ಬೆಂಗಳೂರಿನಲ್ಲಿ. ವಾಪಸ್ ಬಂದಾಗ ಎಲ್ಲರೂ ಹೇಳಿದ್ದು ಒಂದೇ: "ಚೊಲೋ ಆಯ್ತು, ನಮ್ಮೋರ ಕಷ್ಟ ನಮ್ಮೋರಿಗೇ ತಿಳೀತದ." ಕೇಳಲು ಹಿತವಾದ ಮಾತು. ಆದರೆ ಈ "ನಮ್ಮೋರು" ಅಂದರೆ ಯಾರು ಅನ್ನುವುದು ಕೋಣೆಯೊಳಗೆ ಕೂತಾಗ ಅಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ.

ಮುಂದೆ ಹೋಗುವ ಮೊದಲು ಒಂದು ವಿಷಯ. ಈ ಬರಹದಲ್ಲಿ ನನ್ನ ಬಳಿ ಬಂದ ಯಾರ ಕಥೆಯೂ ಇಲ್ಲ. ಹೆಸರು ಬದಲಾಯಿಸಿ ಬರೆಯಬಹುದಲ್ಲ ಅಂತೀರಿ. ದೊಡ್ಡ ಊರಲ್ಲಿ ನಡೆದೀತು, ಇಲ್ಲಿ ನಡೆಯಲ್ಲ. "ಆಳಂದ ತಾಲೂಕಿನ ಒಬ್ಬ ಶಿಕ್ಷಕಿ, ಗಂಡನಿಗೆ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ" ಅಂತ ಶುರು ಮಾಡಿದರೆ ಸಾಕು, ಓದುವವರಲ್ಲಿ ಒಬ್ಬರಾದರೂ "ಓ, ಅವರಾ" ಅಂದೇ ಅಂತಾರೆ. (ಆ ಶಿಕ್ಷಕಿ ಈಗಷ್ಟೇ ನಾನು ಹುಟ್ಟಿಸಿದವರು, ಹುಡುಕಬೇಡಿ.) ಹಾಗಾಗಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಮಾತ್ರ ಹೇಳುತ್ತೇನೆ. ರೀಲ್ಸ್‌ನಲ್ಲಿ "ನನ್ನ ಹತ್ರ ಬಂದ ಒಬ್ಬ ಕ್ಲೈಂಟ್..." ಅಂತ ಕಥೆ ಹೇಳಿ ಲೈಕ್ ಎಣಿಸುವ ನಮ್ಮದೇ ವೃತ್ತಿಯವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಎದುರಿಗೆ ಕೂತವರ ಸಂಸ್ಕೃತಿ ನನಗೆ ಗೊತ್ತು ಅಂದುಕೊಳ್ಳದೆ, ಅವರಿಂದಲೇ ಕೇಳಿ ತಿಳಿಯುವುದು, ನನ್ನನ್ನೂ ಪ್ರಶ್ನೆ ಮಾಡಿಕೊಳ್ಳುವುದು, ಇದಕ್ಕೆ ನಮ್ಮ ವೃತ್ತಿಯಲ್ಲಿ "ಸಾಂಸ್ಕೃತಿಕ ವಿನಯ" ಅನ್ನುತ್ತಾರೆ. ಆ ಮಾತು ಚಾಲ್ತಿಗೆ ಬಂದದ್ದು 1998ರಲ್ಲಿ ಅಮೆರಿಕದ ಇಬ್ಬರು ವೈದ್ಯೆಯರು ಬರೆದ ಲೇಖನದಿಂದ. ಮೆಲನಿ ಟೆರ್ವಲಾನ್ ಮತ್ತು ಜಾನ್ ಮರ್ರೇ ಗಾರ್ಸಿಯಾ. 1991ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪೊಲೀಸರು ರಾಡ್ನಿ ಕಿಂಗ್ ಎಂಬ ಕಪ್ಪು ವರ್ಣದ ಮನುಷ್ಯನನ್ನು ಬಡಿದರು, ಮರುವರ್ಷ ಆ ಪೊಲೀಸರು ಖುಲಾಸೆಯಾದಾಗ ಊರೇ ಹೊತ್ತಿ ಉರಿಯಿತು. ಅದಾದ ಮೇಲೆ ಓಕ್‌ಲ್ಯಾಂಡಿನ ಮಕ್ಕಳ ಆಸ್ಪತ್ರೆಯಲ್ಲಿ ವೈದ್ಯರು ಬೇರೆ ಬೇರೆ ಸಮುದಾಯದ ರೋಗಿಗಳ ಜೊತೆ ಹೇಗೆ ನಡೆದುಕೊಳ್ಳುತ್ತಾರೆ ಅಂತ ತಮ್ಮನ್ನೇ ಕೇಳಿಕೊಳ್ಳಲು ಶುರು ಮಾಡಿದರು. ಲೇಖನ ಬಂದದ್ದು ಆ ಕೆಲಸದಿಂದ.

ಅದರಲ್ಲಿ ಬರುವ ಒಂದು ಘಟನೆ ನನಗೆ ಬಾಯಿಪಾಠ. ಆಪರೇಷನ್ ಆಗಿ ಕೆಲವು ಗಂಟೆ ಕಳೆದ ಲ್ಯಾಟಿನೋ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ನಡುವಯಸ್ಸಿನ ಹೆಂಗಸು ನರಳುತ್ತಿದ್ದಾರೆ. ಅಲ್ಲಿದ್ದ ಲ್ಯಾಟಿನೋ ವೈದ್ಯರೊಬ್ಬರು, ಇವರಿಗೆ ತುಂಬ ನೋವಿದ್ದ ಹಾಗಿದೆ ಅನ್ನುತ್ತಾರೆ. ನೋಡಿಕೊಳ್ಳುತ್ತಿದ್ದ ನರ್ಸ್ ಕೇಳುವುದೇ ಇಲ್ಲ. ಇಂಥ ಸಂಸ್ಕೃತಿಗಳ ಬಗ್ಗೆ ಕೋರ್ಸ್ ಮಾಡಿದ್ದೇನೆ, ಈ ಜನ ಇರುವ ನೋವನ್ನು ಹೆಚ್ಚು ಮಾಡಿ ತೋರಿಸುತ್ತಾರೆ ಅಂತ ನನಗೆ ಗೊತ್ತು ಅನ್ನುತ್ತಾರೆ. ಆ ನರ್ಸ್ ಆಫ್ರಿಕನ್ ಅಮೆರಿಕನ್. ತಾನೂ ಕೀಳಾಗಿ ಕಾಣಿಸಿಕೊಂಡ ಸಮುದಾಯದವರು. ಕೋರ್ಸ್ ಬೇರೆ ಮಾಡಿದವರು. ಎದುರಿಗೆ ಮನುಷ್ಯರು ನರಳುತ್ತಿದ್ದರೂ ಕಿವಿಗೆ ಬೀಳಲಿಲ್ಲ. ಸಂಸ್ಕೃತಿ ಗೊತ್ತಿಲ್ಲದ್ದು ಅಲ್ಲಿ ತೊಂದರೆ ಆಗಲಿಲ್ಲ, ಗೊತ್ತಿದೆ ಅನ್ನುವ ಧೈರ್ಯವೇ ತೊಂದರೆ ಆಯಿತು.

ಇದನ್ನು ಕಲಬುರಗಿಗೆ ತಂದು ನೋಡಿ. ಒಂದು ಆಟೋ ಹಿಡಿದು ಸುತ್ತಾಡಿದರೆ ಶರಣಬಸವೇಶ್ವರ ಗುಡಿ, ಖ್ವಾಜಾ ಬಂದೇ ನವಾಜ್ ದರ್ಗಾ, ಬುದ್ಧ ವಿಹಾರ ಮೂರನ್ನೂ ಒಂದೇ ಮಧ್ಯಾಹ್ನ ನೋಡಿ ಮನೆಗೆ ಬರಬಹುದು. ಮನೆಯೊಳಗೆ ದಖನಿ ಉರ್ದು ಆಡುವವರು, ತಾಂಡಾದಿಂದ ಬಂದು ಲಂಬಾಣಿ ಆಡುವವರು, ಬೀದರ್ ಕಡೆ ಹೋದರೆ ಮರಾಠಿ ತೆಲುಗು ಬೆರೆಸಿ ಆಡುವವರು. ಸುಗ್ಗಿ ಮುಗಿದ ಮೇಲೆ ಪುಣೆ, ಮುಂಬೈಗೆ ದುಡಿಯಲು ಹೋಗಿ ಮಳೆಗಾಲಕ್ಕೆ ವಾಪಸ್ ಬರುವ ಕುಟುಂಬಗಳು. ತೊಗರಿಗೆ ರೇಟು ಬಿದ್ದ ವರ್ಷ ನಿದ್ದೆ ಬರಲ್ಲ ಅಂತ ಬರುವ ರೈತರು. ಇವರೆಲ್ಲರನ್ನೂ "ಹಿಂಗೇ" ಅನ್ನುವ ಒಂದು ಮಾತಿನಲ್ಲಿ ಕಟ್ಟಿಡಲು ಆಗುತ್ತದಾ? ಸೇಡಂನ ಹಳ್ಳಿಯಲ್ಲಿ ಹುಟ್ಟಿದ್ದಕ್ಕೆ ನನಗೆ ನಮ್ಮ ಓಣಿ ಗೊತ್ತು. ಅದೂ ನಮ್ಮ ಓಣಿಯ ಒಂದು ಬದಿ.

ಆ ಒಂದು ಬದಿಯ ಬಗ್ಗೆ ಹೇಳಿಬಿಡುತ್ತೇನೆ. ನಾನು ಲಿಂಗಾಯತರ ಮನೆಯಲ್ಲಿ ಹುಟ್ಟಿದವಳು. ಬೆಳಗಾದರೆ ಬಸವಣ್ಣನ ಹೆಸರು ಹೇಳುವ ಮನೆ. ಅದೇ ಮನೆಯಲ್ಲಿ ಹೊಲದ ಕೆಲಸಕ್ಕೆ ಬರುವವರಿಗೆ ಚಹಾ ಕೊಡುವ ಲೋಟ ಹಿತ್ತಲ ಗೂಡಿನಲ್ಲಿ ಬೇರೆ ಇರುತ್ತಿತ್ತು. ಯಾರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ, ಯಾಕೆಂದರೆ ಮಾತಾಡುವ ಅಗತ್ಯ ನಮಗೆ ಇರಲಿಲ್ಲ. ಆ ಲೋಟದಲ್ಲಿ ಚಹಾ ಕುಡಿದವರ ಮೊಮ್ಮಕ್ಕಳು ಇವತ್ತು ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿದ್ದು ಎಂಎ, ಪಿಎಚ್‌ಡಿ ಮಾಡುತ್ತಿದ್ದಾರೆ. ಅವರಲ್ಲಿ ಯಾರಾದರೂ ನನ್ನ ಎದುರು ಬಂದು ಕೂತರೆ, ಆ ಲೋಟ ಇಬ್ಬರ ನಡುವಿನ ಮೇಜಿನ ಮೇಲೆ ಇದ್ದೇ ಇರುತ್ತದೆ. ನಾನು ಎಷ್ಟು ಪುಸ್ತಕ ಓದಿದರೂ.

ಅದಕ್ಕೇ ಇಲ್ಲಿ ಜನ ಮೊದಲ ಭೇಟಿಯಲ್ಲೇ ಅಡ್ಡಹೆಸರು, ಅಂದರೆ ಮನೆತನದ ಹೆಸರು, ಕೇಳುತ್ತಾರೆ. "ಮೇಡಂರಿ, ನೀವು ಯಾರ ಪೈಕಿ?" ತರಬೇತಿಯಲ್ಲಿ ನಮಗೆ ಕಲಿಸುವುದು ಬೇರೆ: ಸ್ವಂತ ವಿಷಯ ಹೇಳಬೇಡಿ, ಈ ಪ್ರಶ್ನೆ ನಿಮಗೆ ಯಾಕೆ ಮುಖ್ಯ ಅಂತ ತಿರುಗಿ ಕೇಳಿ. ಒಂದು ಮಟ್ಟಕ್ಕೆ ಸರಿ ಇದೆ. ಆದರೆ ಇಲ್ಲಿ ಆ ಪ್ರಶ್ನೆಯ ಹಿಂದೆ ಎರಡು ತೀರಾ ಬೇರೆ ಮನಸ್ಸು ಇರಬಹುದು. ನನ್ನದೇ ಜಾತಿಯ ಹಿರಿಯರು ಕೇಳಿದರೆ, ಇವಳು ನಮ್ಮ ಹುಡುಗಿ ಅಂತ ಖಾತ್ರಿ ಮಾಡಿಕೊಂಡು ಆಮೇಲೆ ಬೇರೆಯವರ ಮೇಲಿನ ಸಿಟ್ಟನ್ನು ಸಲೀಸಾಗಿ ಬಿಚ್ಚಿಡಲು. ದಲಿತ ವಿದ್ಯಾರ್ಥಿ ಕೇಳಿದರೆ, ಅಲ್ಲ, ಅವರು ಬಾಯಿಬಿಟ್ಟು ಕೇಳುವುದೂ ಕಡಿಮೆ, ಬಾಗಿಲ ಮೇಲಿನ ಬೋರ್ಡು ಓದಿಯೇ ಲೆಕ್ಕ ಹಾಕಿರುತ್ತಾರೆ, ಇವರ ಮುಂದೆ ನಡೆದದ್ದು ಹೇಳಿದರೆ ನಂಬುತ್ತಾರಾ, ಅಥವಾ "ಎಲ್ಲಾದಕ್ಕೂ ಜಾತಿ ತರಬ್ಯಾಡ" ಅಂತಾರಾ ಅಂತ.

ನಾನು ಹೇಳಿಬಿಡುತ್ತೇನೆ. ಹೇಳಿ, ಇದು ಗೊತ್ತಾದರೆ ನಿಮಗೆ ಮಾತಾಡಲು ಸುಲಭವಾ ಕಷ್ಟವಾ ಅಂತ ಕೇಳುತ್ತೇನೆ. ಕಷ್ಟ ಅಂದರೆ ಬೇರೆಯವರ ಹತ್ತಿರ ಹೋಗುವ ದಾರಿ ಹುಡುಕುತ್ತೇವೆ. ಇದು ಪಠ್ಯದಲ್ಲಿ ಹೇಳಿದ ಕ್ರಮ ಅಲ್ಲ ಅಂತ ನನ್ನ ಗೆಳತಿಯರೇ ವಾದ ಮಾಡುತ್ತಾರೆ. ಮಾಡಲಿ. ಜಾತಿ ಗೊತ್ತಾಗದ ಹಾಗೆ ಕೂರುವ ಸೌಲಭ್ಯ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇರಬಹುದು, ಇಲ್ಲಿ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಜಾತಿ, ಧರ್ಮ, ಲಿಂಗ, ಲೈಂಗಿಕ ಒಲವು, ವರ್ಗ ಯಾವುದರ ಮೇಲೂ ಚಿಕಿತ್ಸೆಯಲ್ಲಿ ತಾರತಮ್ಯ ಮಾಡುವ ಹಾಗಿಲ್ಲ ಅಂತ ಬರೆದಿದೆ, 21ನೇ ಕಲಂ. ಆದರೆ ಒಂದೇ ಒಪಿಡಿಯಲ್ಲಿ ಬಿಳಿ ಧೋತರದ ಯಜಮಾನರಿಗೆ "ಬರ್ರಿ, ಕೂಡ್ರಿ", ಹಿಂದೆ ನಿಂತ ಕೂಲಿ ಹೆಂಗಸಿಗೆ "ಏ, ಈ ಕಡೆ ಬಾ" ಅನ್ನುವುದನ್ನು ಯಾವ ಕಲಂ ಹಿಡಿಯಬೇಕು?

ಇನ್ನೊಂದು ವಿಷಯ, ನಮ್ಮ ವೃತ್ತಿಯ ಒಳಗಿನದು. ಆರನ್ ಬೆಕ್ 1960ರ ದಶಕದಲ್ಲಿ ಕಟ್ಟಿದ ಒಂದು ಪದ್ಧತಿ ಇದೆ, ಕಾಗ್ನಿಟಿವ್ ಥೆರಪಿ. ಇವತ್ತು ಎಲ್ಲ ಕಡೆ ಅದೇ ನಡೆಯುತ್ತದೆ, ನಾನೂ ಬಳಸುತ್ತೇನೆ, ಕೆಲಸವೂ ಮಾಡುತ್ತದೆ. ಮನಸ್ಸಿಗೆ ಬಂದ ಯೋಚನೆಯನ್ನು ಹಾಳೆ ಮೇಲೆ ಬರೆದು, ಇದಕ್ಕೆ ಪುರಾವೆ ಏನು, ಇದರ ವಿರುದ್ಧ ಪುರಾವೆ ಏನು ಅಂತ ಕೇಳುವುದು ಅದರ ಒಂದು ಮುಖ್ಯ ಹೆಜ್ಜೆ. "ಪರೀಕ್ಷೆಯಲ್ಲಿ ಫೇಲಾಗೇ ಆಗ್ತೀನಿ" ಅನ್ನುವ ಹುಡುಗನಿಗೆ ಇದು ಚೆನ್ನಾಗಿ ಹೊಂದುತ್ತದೆ. ಆದರೆ "ಮೆಸ್ಸಿನಲ್ಲಿ ನಾನು ಕೂತರೆ ಅವರು ತಟ್ಟೆ ಎತ್ತಿಕೊಂಡು ಬೇರೆ ಕಡೆ ಹೋಗ್ತಾರೆ, ನನ್ನನ್ನು ಕಂಡರೆ ಆಗಲ್ಲ" ಅನ್ನುವ ಹುಡುಗಿಯ ಮುಂದೆ ಅದೇ ಹಾಳೆ ಇಟ್ಟು ಪುರಾವೆ ಕೇಳಿದರೆ? ಅದು ಥೆರಪಿ ಅಲ್ಲ, ಅಡ್ಡ ಸವಾಲು. ಅವಳಿಗೆ ಆದದ್ದು ನಿಜ. ಯೋಚನೆ ತಿದ್ದಬೇಕಾದ್ದು ಅವಳದ್ದಲ್ಲ. ಅಲ್ಲಿ ನನ್ನ ಕೆಲಸ ಮೊದಲು ನಂಬುವುದು, ಆಮೇಲೆ ಆ ಅವಮಾನ ಅವಳ ನಿದ್ದೆ, ಓದು, ಊಟಕ್ಕೆ ಏನು ಮಾಡಿದೆ ಅಂತ ನೋಡುವುದು, ದೂರು ಕೊಡಬೇಕು ಅಂತ ಅವಳಿಗೇ ಅನ್ನಿಸಿದರೆ ಜೊತೆಗೆ ನಿಲ್ಲುವುದು. ಫೈಲಿನಲ್ಲಿ "ಆತ್ಮವಿಶ್ವಾಸದ ಕೊರತೆ" ಅಂತ ಬರೆದು ಕೈತೊಳೆದುಕೊಂಡರೆ ಆ ಮೆಸ್ಸಿನವರ ಸಾಲಿಗೆ ನಾನೂ ಸೇರಿದ ಹಾಗೆ.

ಇನ್ನು ದೇವರು ದೆವ್ವದ ವಿಷಯ.

ಅಫಜಲಪುರ ತಾಲೂಕಿನ ಗಾಣಗಾಪುರಕ್ಕೆ ಹೋದವರಿಗೆ ಗೊತ್ತಿರುತ್ತದೆ. ಭೀಮಾ ಅಮರಜಾ ಸಂಗಮದಲ್ಲಿ ಸ್ನಾನ, ದತ್ತಾತ್ರೇಯನ ಗುಡಿಯಲ್ಲಿ ಆರತಿ, ಆ ಹೊತ್ತಿಗೆ ಮೈಮೇಲೆ ಬಂದು ಕೂಗಾಡುವವರು, ಕಂಬ ಹತ್ತುವವರು. ನಮ್ಮ ಜಿಲ್ಲೆಯವರಷ್ಟೇ ಅಲ್ಲ, ಮಹಾರಾಷ್ಟ್ರದಿಂದ ಬಸ್ಸು ತುಂಬಿ ಬರುತ್ತಾರೆ. ದರ್ಗಾಗಳಿಗೂ ಹಾಗೇ, ಹಿಂದೂಗಳೂ ಹೋಗುತ್ತಾರೆ, ಮುಸ್ಲಿಮರೂ ಹೋಗುತ್ತಾರೆ. ನನ್ನ ಬಾಗಿಲಿಗೆ ಬರುವ ಹೆಚ್ಚಿನವರು ಅಲ್ಲೆಲ್ಲ ಸುತ್ತಿ, ತಾಯತ ಕಟ್ಟಿಸಿಕೊಂಡು, ಆಮೇಲೆ ಸೊಲ್ಲಾಪುರದಲ್ಲೋ ಹೈದರಾಬಾದಿನಲ್ಲೋ ತಲೆ ಸ್ಕ್ಯಾನ್ ಮಾಡಿಸಿ ಬಂದಿರುತ್ತಾರೆ. ಆದರೆ ಹೇಳುವುದಿಲ್ಲ. ಡಾಕ್ಟರರು ಬೈತಾರೆ ಅಂತ ಮುಚ್ಚಿಡುತ್ತಾರೆ. ತೋಳಿನ ತಾಯತ ಬ್ಲೌಸಿನ ಒಳಗೆ ಸೇರಿರುತ್ತದೆ.

ಕೇಳಿದರೆ ಹೇಳುತ್ತಾರೆ. ಅಮೆರಿಕದ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ 1970ರ ದಶಕದ ಕೊನೆಯಲ್ಲಿ ವೈದ್ಯರಿಗೆ ಕೆಲವು ಸರಳ ಪ್ರಶ್ನೆ ಕೊಟ್ಟರು. ನಿಮಗೆ ಆಗಿರುವುದಕ್ಕೆ ನೀವು ಏನಂತೀರಿ, ಯಾಕೆ ಆಯಿತು ಅನ್ನಿಸುತ್ತದೆ, ಯಾಕೆ ಆಗಲೇ ಶುರುವಾಯಿತು, ಇದರಲ್ಲಿ ನಿಮಗೆ ಯಾವುದರ ಭಯ ಜಾಸ್ತಿ, ಯಾವ ಚಿಕಿತ್ಸೆ ಬೇಕು ಅನ್ನಿಸುತ್ತದೆ, ಹೀಗೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್ಎಂ-5 ಇದೇ ದಾರಿಯಲ್ಲಿ 16 ಪ್ರಶ್ನೆಗಳ ಒಂದು ಸಂದರ್ಶನವನ್ನೇ ಸೇರಿಸಿತು. ನಾನು ಇವುಗಳ ಜೊತೆ ಒಂದು ಸೇರಿಸಿದ್ದೇನೆ: "ಎಲ್ಲೆಲ್ಲಿಗಿ ಹೋಗಿ ಬಂದ್ರಿ, ಅಲ್ಲಿ ಏನಂದ್ರು, ಸ್ವಲ್ಪ ಆರಾಮ ಅನಿಸ್ತೇನು?" ಈ ಪ್ರಶ್ನೆ ಬಂದ ಕೂಡಲೇ ಜೊತೆಗೆ ಬಂದ ಅತ್ತೆಯ ಮುಖ ಸಡಿಲಾಗುತ್ತದೆ. ಅಲ್ಲಿಂದ ಮಾತು ಶುರು.

ಆರಾಮ ಅನ್ನಿಸಿದ್ದು ಬರೀ ಭ್ರಮೆ ಅಂತ ತಳ್ಳಿಹಾಕಲೂ ಬರುವುದಿಲ್ಲ. ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಗುಡಿಯಲ್ಲಿ ಬಂದು ಉಳಿಯುವ ಮನೋರೋಗಿಗಳನ್ನು ನೋಡಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. 31 ಜನ, ಹೆಚ್ಚಿನವರಿಗೆ ಸ್ಕಿಜೋಫ್ರೇನಿಯಾ. ಯಾವ ಮಂತ್ರ ತಂತ್ರವೂ ಇರಲಿಲ್ಲ. ಸರಾಸರಿ ಐದಾರು ವಾರ ಅಲ್ಲೇ ಇದ್ದು, ಗುಡಿಯ ಸಣ್ಣಪುಟ್ಟ ಕೆಲಸ ಮಾಡಿ, ಮನೆಯ ಒಬ್ಬರ ಜೊತೆ ಉಳಿದರು ಅಷ್ಟೇ. ರೋಗಲಕ್ಷಣಗಳ ಅಳತೆಯಲ್ಲಿ ಶೇಕಡಾ 20ರ ಹತ್ತಿರ ಕಡಿಮೆಯಾಯಿತು. ಸಣ್ಣ ಅಧ್ಯಯನ, ಹೋಲಿಸಲು ಇನ್ನೊಂದು ಗುಂಪೂ ಇರಲಿಲ್ಲ, ಹಾಗಾಗಿ ಇದನ್ನೇ ಹಿಡಿದು ಗುಳಿಗೆ ಬಿಡಿ ಅನ್ನುವುದು ಹುಚ್ಚುತನ. ಆದರೆ ಬೈಯದ, ಅವಸರ ಮಾಡದ ಒಂದು ಜಾಗ ಸಿಕ್ಕರೆ ಮನುಷ್ಯ ಎಷ್ಟು ಹಗುರಾಗುತ್ತಾನೆ ಅನ್ನುವುದನ್ನು ನಾವು ಆಸ್ಪತ್ರೆಯವರು ಸ್ವಲ್ಪ ಕೂತು ಯೋಚಿಸಬೇಕು.

ಹಾಗಂತ ವಿನಯದ ಹೆಸರಲ್ಲಿ ಎಲ್ಲಕ್ಕೂ ತಲೆ ಆಡಿಸುವವರ ಜೊತೆಗೂ ನನಗೆ ಆಗಿಬರಲ್ಲ. "ಅವರ ನಂಬಿಕೆ ರೀ, ನಾವ್ಯಾಕ ಮಾತಾಡೋದು" ಅನ್ನುವ ಮಾತು ಕೇಳಲು ಬಹಳ ಸಭ್ಯ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಊರಿನಲ್ಲಿ ಮನೋರೋಗಿಗಳನ್ನು ಇಟ್ಟುಕೊಳ್ಳುತ್ತಿದ್ದ ಒಂದು ಖಾಸಗಿ ವಸತಿಯ ಗುಡಿಸಲಿಗೆ ಬೆಂಕಿ ಬಿತ್ತು. 28 ಜನ ಸತ್ತರು. ಸರಪಳಿ ಹಾಕಿ ಕಟ್ಟಿದ್ದರಿಂದ ಓಡಲು ಆಗಲಿಲ್ಲ. ಅಲ್ಲಿಗೆ ಅವರನ್ನು ಕರೆತಂದ ಮನೆಯವರಿಗೂ ನಂಬಿಕೆ ಇತ್ತು. ಈಗ ಸರಪಳಿ ಹಾಕುವುದನ್ನು 2017ರ ಕಾಯ್ದೆ ಪೂರ್ತಿ ನಿಷೇಧ ಮಾಡಿದೆ, ಯಾವ ರೂಪದಲ್ಲೂ ಇಲ್ಲ. ಆದ್ದರಿಂದ ನನ್ನ ಗೆರೆ ನೇರ ಇದೆ. ಗುಡಿಗೆ ಹೋಗ್ರಿ, ದರ್ಗಾಕ್ಕೆ ಹೋಗ್ರಿ, ಗುಳಿಗೆ ತಪ್ಪಿಸಬೇಡಿ. ಹೊಡೆಯುವುದು, ಕಟ್ಟುವುದು, ಮೆಣಸಿನಕಾಯಿ ಹೊಗೆ ಹಾಕುವುದು, ಉಪವಾಸ ಕೆಡವುವುದು ಇದ್ದರೆ ಅದು ನಂಬಿಕೆ ಅಲ್ಲ, ಹಿಂಸೆ, ನಾನು ಅದಕ್ಕೆ ಅಡ್ಡ ಬರುತ್ತೇನೆ. ಇದನ್ನು ಮೊದಲೇ, ಮುಖ ನೋಡಿ ಹೇಳಿದರೆ ಹೆಚ್ಚಿನ ಮನೆಯವರು ಒಪ್ಪುತ್ತಾರೆ. ಒಪ್ಪದವರು ಮತ್ತೆ ಬರುವುದಿಲ್ಲ, ಅದೂ ಆಗುತ್ತದೆ.

ಮನೆಯವರು ಅಂದ ಮೇಲೆ ಗುಟ್ಟಿನ ಮಾತಿಗೆ ಬರಲೇಬೇಕು. ಇಲ್ಲಿ ಒಬ್ಬರೇ ಬರುವುದು ಕಡಿಮೆ. ಸುರಪುರದಿಂದಲೋ ಚಿಂಚೋಳಿಯಿಂದಲೋ ಬೆಳಗಿನ ಬಸ್ಸು ಹಿಡಿದು ಮೂರು ನಾಲ್ಕು ಜನ ಬರುತ್ತಾರೆ. ಖರ್ಚು ಮಾಡಿದವರು ಮಾವ, ಕರೆತಂದವರು ಮೈದುನ, ಕಷ್ಟ ಇರುವುದು ಸೊಸೆಗೆ. ಅವಳ ಜೊತೆ ಒಂದು ಗಂಟೆ ಮಾತಾಡಿ ಬಾಗಿಲು ತೆಗೆದರೆ ಮೊದಲ ಪ್ರಶ್ನೆ, "ಏನಂದಳ್ರಿ ಅಕಿ?" ಕೇಳುವವರು ಕೆಟ್ಟವರಲ್ಲ. ಅವರ ಲೆಕ್ಕದಲ್ಲಿ ಮನೆಯ ವಿಷಯ ಮನೆಗೆ ಗೊತ್ತಾಗಬೇಕು. ಆದರೆ ಅವಳು ಹೇಳಿದ್ದು ಅವಳದ್ದು. ಕಾಯ್ದೆಯ 23ನೇ ಕಲಂ ಕೂಡ ಅದನ್ನೇ ಹೇಳುತ್ತದೆ, ಜೀವಕ್ಕೆ ಅಪಾಯ, ಇನ್ನೊಬ್ಬರಿಗೆ ಅಪಾಯ, ಕೋರ್ಟಿನ ಆದೇಶ ಇಂಥ ಕೆಲವು ಸಂದರ್ಭ ಬಿಟ್ಟು. ನಾನು ಕಂಡುಕೊಂಡ ದಾರಿ, ಎಲ್ಲರನ್ನೂ ಮೊದಲು ಒಟ್ಟಿಗೆ ಕೂರಿಸಿ ಎಲ್ಲರ ಎದುರಿಗೇ ನಿಯಮ ಹೇಳುವುದು: ಇವರು ನನ್ನ ಹತ್ತಿರ ಆಡಿದ ಮಾತು ನನ್ನ ಹತ್ತಿರ ಇರುತ್ತದೆ, ನಿಮಗೆ ಹೇಳಬೇಕಾದ್ದನ್ನು ಅವರನ್ನೇ ಕೇಳಿ ಹೇಳುತ್ತೇನೆ. ಮಾವನ ಮುಂದೆ ಇದನ್ನು ಹೇಳುವಾಗ ದನಿ ಗಟ್ಟಿ ಇರಬೇಕು, ಮರ್ಯಾದೆಯೂ ಇರಬೇಕು. ಎರಡೂ ಒಟ್ಟಿಗೆ ಬರಲು ವರ್ಷಗಳು ಹಿಡಿಯುತ್ತವೆ.

ಭಾಷೆ ಬೇರೆ ಆದಾಗ ಇನ್ನೂ ಬಿಗಿ. ಉರ್ದು ಮಾತ್ರ ಬರುವ ಹೆಂಗಸು, ಅವಳ ಮಾತನ್ನು ನಮಗೆ ಕನ್ನಡದಲ್ಲಿ ಹೇಳಲು ಗಂಡನ ಅಣ್ಣ. ಗಂಡನ ಮನೆಯ ಕಷ್ಟವನ್ನು ಗಂಡನ ಅಣ್ಣನ ಬಾಯಿಯಿಂದಲೇ ಹೇಳಿಸುವುದು ಅಂದರೆ ಏನು ಸಿಗುತ್ತದೆ? "ಎಲ್ಲಾ ಆರಾಮ ಅದ ಅಂತಾಳ್ರಿ" ಅಷ್ಟೇ. ಹೊರಗಿನ ಹೆಣ್ಣುಮಗಳೊಬ್ಬಳು ದುಭಾಷಿಯಾಗಿ ಸಿಗುವ ತನಕ ಅಂಥ ಸಂದರ್ಶನ ಮಾಡದಿರುವುದೇ ಒಳ್ಳೆಯದು. ಸುಮ್ನೆ ಫೈಲು ತುಂಬುವುದರಿಂದ ಯಾರಿಗೂ ಲಾಭ ಇಲ್ಲ.

ಇಲ್ಲಿ ಒಂದು ದೂರು ಹೇಳಲೇಬೇಕು. ನಮ್ಮ ಭಾಗದಲ್ಲಿ ಸಂಸ್ಕೃತಿಯ ಹೆಸರಲ್ಲಿ ಅತಿ ಹೆಚ್ಚು ಮಾರಾಟ ಆಗುವ ಸಲಹೆ "ಹೊಂದಿಕೊಂಡು ಹೋಗವ್ವಾ." ಹೊಡೆಸಿಕೊಂಡು ಬಂದವಳಿಗೂ ಅದೇ, ಓದು ಬಿಡಿಸಿ ಹದಿನಾರಕ್ಕೆ ಮದುವೆಗೆ ಕೂರಿಸಿದ ಹುಡುಗಿಗೂ ಅದೇ. ಇದು ಸಂಸ್ಕೃತಿಗೆ ಗೌರವ ಕೊಟ್ಟಂತೆ ಕಾಣುತ್ತದೆ, ನಿಜಕ್ಕೂ ಆ ಮನೆಯಲ್ಲಿ ಯಾರ ಕೈ ಮೇಲಿದೆಯೋ ಅವರ ಪರ ವಕಾಲತ್ತು. ಸಂಸ್ಕೃತಿ ಅಂದರೆ ಮಾವನದ್ದು ಮಾತ್ರವಾ? ಸೊಸೆಯೂ ಅದೇ ಊರಲ್ಲಿ, ಅದೇ ಹಾಡು ಹೇಳಿ, ಅದೇ ಜಾತ್ರೆ ಮಾಡಿ ಬೆಳೆದವಳು. ಅವಳಿಗೆ ಬೇಕಾದದ್ದೂ ಅದೇ ಸಂಸ್ಕೃತಿಯ ಒಳಗಿನ ಆಸೆ. ಇದಕ್ಕೆ ಉಲ್ಟಾ ಇನ್ನೊಂದು ತಪ್ಪೂ ಇದೆ, ಪಟ್ಟಣದಲ್ಲಿ ಕಲಿತವರು ಮಾಡುವುದು, "ನಿಮಗೆ ನೀವು ಮುಖ್ಯ, ಮನೆ ಬಿಟ್ಟು ಬನ್ನಿ" ಅನ್ನುವುದು. ಬಿಟ್ಟು ಎಲ್ಲಿಗೆ ಬರಬೇಕು? ತವರಿನಲ್ಲಿ ತಂಗಿಯ ಲಗ್ನ ನಿಂತಿದೆ, ಕೈಯಲ್ಲಿ ದುಡ್ಡಿಲ್ಲ. ಅವಳ ಬಳಿ ಏನೇನು ದಾರಿ ಇದೆ ಅಂತ ಅವಳ ಜೊತೆ ಕೂತು ಎಣಿಸುವುದು ನಿಧಾನದ ಕೆಲಸ, ವೇದಿಕೆ ಮೇಲೆ ಹೇಳಲು ಚೆಂದ ಇರುವುದಿಲ್ಲ. ಹದಿನೆಂಟು ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಮಾತ್ರ ಗುಟ್ಟು ಕಾಯುವ ಸ್ವಾತಂತ್ರ್ಯ ನನಗಿಲ್ಲ. 2012ರ ಪೋಕ್ಸೊ ಕಾಯ್ದೆ ವರದಿ ಮಾಡಲೇಬೇಕು ಅನ್ನುತ್ತದೆ. ಅದನ್ನು ಹುಡುಗಿ ಬಾಯಿಬಿಡುವ ಮೊದಲೇ ಅವಳಿಗೆ ತಿಳಿಸುವುದು ನನ್ನ ಜವಾಬ್ದಾರಿ. ನಂಬಿಸಿ ಹೇಳಿಸಿಕೊಂಡು ಆಮೇಲೆ ಪೊಲೀಸರಿಗೆ ಹೇಳುವುದು ಮೋಸ.

ಸಲಹೆ ಅಂದಾಗ ನೆನಪಾಯಿತು. ಇಲ್ಲಿ ಬರುವವರು ನನ್ನಿಂದ ನಿರೀಕ್ಷಿಸುವುದು ಸಲಹೆಯನ್ನೇ. "ಏನ್ ಮಾಡ್ಲಿ ಹೇಳ್ರಿ ಅಕ್ಕಾ, ನೀವು ಹೇಳ್ದಂಗ ಮಾಡ್ತೀನಿ." ಮನೋವೈದ್ಯ ಜಸ್ವಂತ್ ಸಿಂಗ್ ನೇಕಿ 1973ರಲ್ಲೇ ಬರೆದಿದ್ದರು, ಭಾರತದಲ್ಲಿ ಥೆರಪಿಗೆ ಗುರು ಶಿಷ್ಯ ಸಂಬಂಧವೇ ಒಂದು ಮಾದರಿ ಆಗಬಹುದು ಅಂತ. ಪಶ್ಚಿಮದಿಂದ ಬಂದದ್ದನ್ನು ಹಾಗೇ ಅಂಟಿಸಿಕೊಳ್ಳಬೇಡಿ ಅನ್ನುವ ಅವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಅರ್ಧ ಗಂಟೆ ಬಾಯಿ ಮುಚ್ಚಿ ಕೂರುವ ಥೆರಪಿಸ್ಟ್ ಇಲ್ಲಿ ಜನರಿಗೆ ಸೊಕ್ಕಿನವಳ ಹಾಗೆ ಕಾಣುತ್ತಾಳೆ. ಆದರೂ ಗುರುವಿನ ಕುರ್ಚಿ ನನಗೆ ಭಯ. ಶಿಷ್ಯ ಗುರುವಿಗೆ "ನೀವು ಹೇಳಿದ್ದು ಸರಿ ಇಲ್ಲ" ಅನ್ನಲು ಆ ಸಂಬಂಧದಲ್ಲಿ ಜಾಗ ಎಲ್ಲಿದೆ? ಅದರಲ್ಲೂ ಗುರು ಮೇಲಿನ ಜಾತಿ, ಶಿಷ್ಯ ಕೆಳಗಿನ ಜಾತಿ ಆದರೆ? ಹಾಗಾಗಿ ನಾನು ಸಲಹೆ ಕೊಡುತ್ತೇನೆ, ಜೊತೆಗೆ "ಇದರಾಗ ನಿಮಗ ಯಾವುದು ಆಗಂಗಿಲ್ಲ ಹೇಳ್ರಿ" ಅಂತ ಕೇಳುತ್ತೇನೆ. ಮೊದಲ ಸಲ ಯಾರೂ ಹೇಳುವುದಿಲ್ಲ. ಮೂರನೆಯದೋ ನಾಲ್ಕನೆಯದೋ ಭೇಟಿಯಲ್ಲಿ "ಅದು ನಮ್ಮನ್ಯಾಗ ನಡ್ಯಂಗಿಲ್ರಿ" ಅಂತ ಒಂದು ಮಾತು ಬಂದರೆ ನನಗೆ ಖುಷಿ.

ಊರು ಸಣ್ಣದು ಅನ್ನುವುದರ ಕಷ್ಟ ಇನ್ನೊಂದು ಬಗೆ. ಫಂಕ್ಷನ್ ಹಾಲಿನಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕಕ್ಕೇ ನಿನ್ನೆ ಬಂದು ಅತ್ತು ಹೋದವರು ಕೂತಿರುತ್ತಾರೆ. ನಾನಾಗಿ ಮಾತಾಡಿಸುವುದಿಲ್ಲ, ಅವರು ನಕ್ಕರೆ ನಗುತ್ತೇನೆ. ಇದನ್ನೂ ಮೊದಲೇ ಹೇಳಿಡಬೇಕು, ಇಲ್ಲದಿದ್ದರೆ ಸೊಕ್ಕು ಅಂದುಕೊಳ್ಳುತ್ತಾರೆ.

ಉಡುಗೊರೆಯ ವಿಷಯ ಮಾತ್ರ ಅಷ್ಟು ಸರಳ ಅಲ್ಲ. ಎಳ್ಳಮಾಸಿ ಮರುದಿನ ಡಬ್ಬಿ ತುಂಬ ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಬರುತ್ತದೆ. ನೀತಿಸಂಹಿತೆ ಕಲಿಸುವವರು ಉಡುಗೊರೆ ಬೇಡ ಅನ್ನುತ್ತಾರೆ, ಗೆರೆ ಮೀರಬಾರದು ಅಂತ. ಸರಿ. ಆದರೆ ದಲಿತ ಓಣಿಯಿಂದ ಬಂದ ಅವ್ವ ಡಬ್ಬಿ ಮೇಜಿನ ಮೇಲಿಟ್ಟಾಗ, ನಾನು ಈ ಅಡ್ಡಹೆಸರು ಇಟ್ಟುಕೊಂಡು, "ನಾವು ತೊಗೊಳಂಗಿಲ್ಲವ್ವಾ, ರೂಲ್ಸ್" ಅಂದರೆ ಆಕೆಗೆ ಏನು ಕೇಳಿಸುತ್ತದೆ? ಆಕೆ ಜೀವಮಾನದಲ್ಲಿ ಆ ಮಾತನ್ನು ಎಷ್ಟು ಸಲ ಕೇಳಿರಬೇಡ. ಅಲ್ಲೇ ಡಬ್ಬಿ ತೆಗೆದು ಆಕೆಯ ಎದುರಿಗೇ ಒಂದು ತುತ್ತು ತಿನ್ನುತ್ತೇನೆ. ಸೀರೆ, ಬೆಳ್ಳಿ, ಮೂಟೆಗಟ್ಟಲೆ ತೊಗರಿ ತರುವವರಿಗೆ ಬೇಡ ಅನ್ನುತ್ತೇನೆ, ಅವರು ಹೆಚ್ಚಾಗಿ ಬೇರೆ ಓಣಿಯವರು. ಒಂದೇ ನಿಯಮವನ್ನು ಎಲ್ಲರಿಗೂ ಒಂದೇ ತೂಕದಲ್ಲಿ ಹಾಕುವುದೇ ನೀತಿ ಅಂತ ನನಗೆ ಒಪ್ಪಿಸುವವರು ಆ ಡಬ್ಬಿಯ ಮುಂದೆ ಒಮ್ಮೆ ಕೂತು ನೋಡಲಿ.

ಆದರೆ ಇದೆಲ್ಲ ನಾನೊಬ್ಬಳೇ ತೀರ್ಮಾನ ಮಾಡುತ್ತಾ ಹೋದರೆ ಅದೂ ಅಪಾಯ. ವಿನಯ ಅನ್ನೋದು ನನ್ನ ಸ್ವಭಾವ ಅಂತ ನಾನೇ ಸರ್ಟಿಫಿಕೇಟ್ ಕೊಟ್ಟುಕೊಳ್ಳಲು ಬರುವುದಿಲ್ಲ. ಟೆರ್ವಲಾನ್ ಮತ್ತು ಮರ್ರೇ ಗಾರ್ಸಿಯಾ ತಮ್ಮನ್ನು ತಾವೇ ವಿಮರ್ಶೆ ಮಾಡಿಕೊಳ್ಳುವುದರ ಜೊತೆ ಅಧಿಕಾರದ ಏರುಪೇರು ಸರಿ ಮಾಡುವುದನ್ನೂ, ಸಂಸ್ಥೆಗಳು ಜನರಿಗೆ ಉತ್ತರ ಹೇಳುವುದನ್ನೂ ಸೇರಿಸಿದ್ದರು. ನಮ್ಮಲ್ಲಿ ಈ ಕೊನೆಯದರ ಸುದ್ದಿಯೇ ಇಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು, ಆರ್‌ಸಿಐ ಅಂತೀವಲ್ಲ ಅದು. ಆದರೆ ಕೆಲವೇ ದಿನದ ಆನ್‌ಲೈನ್ ಕೋರ್ಸ್ ಮುಗಿಸಿ "ಕೌನ್ಸೆಲರ್, ಲೈಫ್ ಕೋಚ್" ಅಂತ ಬೋರ್ಡು ಹಾಕಿದವರನ್ನು ಯಾರು ಏನು ಕೇಳಿದ್ದಾರೆ? ಹಳ್ಳಿಯಿಂದ ಬಂದವರಿಗೆ ಎರಡು ಬೋರ್ಡಿನ ನಡುವಿನ ವ್ಯತ್ಯಾಸ ತಿಳಿಯುವುದಾದರೂ ಹೇಗೆ?

ನಾವು ಕೆಲವರು ಆಗಾಗ ಸೇರುತ್ತೇವೆ, ಬೇರೆ ಬೇರೆ ಸಮುದಾಯದವರು. ಹೆಸರು, ಊರು ಎಲ್ಲ ತೆಗೆದು, ನಾವು ಎಲ್ಲಿ ತಡವರಿಸಿದೆವು ಅಂತ ಮಾತ್ರ ಮಾತಾಡುತ್ತೇವೆ. ನನ್ನ ಬರವಣಿಗೆಯಲ್ಲಿ "ಅವರಲ್ಲಿ ಹಾಗೆ ಇರುತ್ತದೆ" ಅಂತ ಬಂದರೆ ಅಲ್ಲೇ ಹಿಡಿಯುವ ಒಬ್ಬ ಸಹೋದ್ಯೋಗಿ ಇದ್ದಾರೆ. ಸಿಟ್ಟು ಬರುತ್ತದೆ, ಆದರೂ ಹೋಗುತ್ತೇನೆ.

ಮತ್ತೆ ಪ್ರತಿ ಮೊದಲ ಭೇಟಿಗೂ ಒಂದು ಮಾತುಕತೆ ಇಟ್ಟುಕೊಂಡಿದ್ದೇವೆ. ಫೀ ಎಷ್ಟು, ಕೊಡಲು ಆಗದಿದ್ದರೆ ಏನು, ನಾನು ಏನು ಓದಿದ್ದೇನೆ, ಫೈಲು ಯಾರ್‍ಯಾರು ನೋಡಬಹುದು, ನನ್ನ ಮೇಲೆ ದೂರು ಇದ್ದರೆ ಎಲ್ಲಿ ಕೊಡಬೇಕು, ರಾತ್ರಿ ತೀರಾ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416ಕ್ಕೆ ಫೋನ್ ಮಾಡಬಹುದು, ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ ಅನ್ನುವುದು. ಓದಲು ಬರದವರೇ ಜಾಸ್ತಿ ಇರುವುದರಿಂದ ಕಾಗದ ಕೊಡದೆ ಬಾಯಿಮಾತಲ್ಲೇ ಹೇಳುತ್ತೇವೆ, ಉರ್ದುವಿನಲ್ಲಿ ಹೇಳಲು ಒಬ್ಬ ಹುಡುಗಿ ಇದ್ದಾಳೆ, ಲಂಬಾಣಿಯಲ್ಲಿ ಹೇಳುವವರನ್ನು ಇನ್ನೂ ಹುಡುಕುತ್ತಿದ್ದೇವೆ. ಇದಕ್ಕೆಲ್ಲ ಹತ್ತು ನಿಮಿಷ ಹೋಗುತ್ತದೆ. ಹೊರಗೆ ಕಾಯುವವರು ಬಸ್ಸು ತಪ್ಪುತ್ತದೆ ಅಂತ ಗೊಣಗುತ್ತಾರೆ. ಒಳಗೆ ಕೂತವರೂ ಎಷ್ಟೋ ಸಲ ಎಲ್ಲ ಕೇಳಿಸಿಕೊಂಡು, "ಇದೆಲ್ಲ ಇರ್ಲಿ ಬಿಡ್ರಿ ಮೇಡಂ, ಜರಾ ಚೊಲೋ ಗುಳಿಗಿ ಬರಕೊಡ್ರಿ, ಹೋಗ್ತೀವಿ" ಅನ್ನುತ್ತಾರೆ. ಗುಳಿಗೆ ನಾನು ಬರೆಯುವ ಹಾಗಿಲ್ಲ, ಅದನ್ನು ಬರೆಯುವವರು ಸೈಕಿಯಾಟ್ರಿಸ್ಟ್, ನಾನು ಬೇರೆ ಅಂತ ಅಲ್ಲಿಂದ ಮತ್ತೆ ಶುರು ಮಾಡಬೇಕು.